ಈ ನೀರು ಯಾವ ಊರಿನದ್ದು?

ಕಳೆದ ಬೇಸಿಗೆಯಲ್ಲಿ ಅಮ್ಮ ಪುತ್ತೂರಿನಿಂದ ಮುಂಬಯಿಗೆ ಬಂದಿದ್ದರು. ಬೆಳಗಿನ ಜಾವ ನಳ್ಳಿಯಲ್ಲಿ ನೀರು ಬರುವ ಹೊತ್ತಿಗೆ ನನ್ನೊಂದಿಗೆ ಅವರೂ ಎದ್ದು ಕೊಡಪಾನ ತುಂಬಿಸುತ್ತಿದ್ದರು. ಒಂದು ದಿನ ಕೇಳಿದರು, “ಈ ನೀರು ಎಲ್ಲಿಂದ ಬರುದು ಮಗಾ?”

“ಕಾರ್ಪೊರೇಶನ್ ನೀರಮ್ಮ” ಎಂದೆ.

“ಕೊಡುದು ಅವರಾಯ್ತು. ಬರುದು ಎಲ್ಲಿಂದ?”

22 ವರ್ಷ ಈ ನೀರು ಕುಡಿದ ನನ್ನಲ್ಲಿ ಉತ್ತರವಿರಲಿಲ್ಲ. ಊರಿನ ನಮ್ಮ ಬಾವಿಯ ಆಳ, ತೋಟಕ್ಕೆ ಬರುವ ತೋಡಿನ ದಾರಿ ಎಲ್ಲ ಗೊತ್ತು. ಇಲ್ಲಿಯದು ಗೊತ್ತಿಲ್ಲ.

ಹುಡುಕಿದಾಗ ತಿಳಿದದ್ದಿಷ್ಟು. ಮುಂಬಯಿಗೆ ಏಳು ಜಲಾಶಯಗಳ ನೀರು. 1860ರ ವಿಹಾರ್ ಮತ್ತು ತುಳಸಿ ನಗರದೊಳಗಿನ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿವೆ. ತಾನ್ಸಾ, ಮೋಡಕ್ ಸಾಗರ, ಅಪ್ಪರ್ ವೈತರಣಾ, ಮಿಡಲ್ ವೈತರಣಾ, ಭಾತ್ಸಾ ನಗರದಾಚೆ ದೂರದ ಬೆಟ್ಟಗಳ ನಡುವೆ. ನಗರಕ್ಕೆ ಬರುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾತ್ಸಾ ಒಂದರದ್ದೇ. ಅದಿರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಎಷ್ಟೋ ಆದಿವಾಸಿ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಇದನ್ನು ಹೇಳಿದಾಗ ಅಮ್ಮ ಕೊಡಪಾನ ನೋಡುತ್ತ ಸುಮ್ಮನಾದರು.

ಅಮ್ಮನ ಪ್ರಶ್ನೆಯಂಥದ್ದರಿಂದಲೇ ಸುದ್ದಿ ಹುಟ್ಟಿಸುವ ಪದ್ಧತಿಯೊಂದಿದೆ. 2012ರಲ್ಲಿ ಷಿಕಾಗೋದ ಡಬ್ಲ್ಯುಬಿಇಝಡ್ ರೇಡಿಯೋದಲ್ಲಿ ಜೆನಿಫರ್ ಬ್ರಾಂಡೆಲ್ ಎಂಬ ಪತ್ರಕರ್ತೆ ‘ಕ್ಯೂರಿಯಸ್ ಸಿಟಿ’ ಎಂಬ ಕಾರ್ಯಕ್ರಮ ಶುರುಮಾಡಿದರು. ಏನು ಸುದ್ದಿ ಮಾಡಬೇಕೆಂಬ ಪ್ರಶ್ನೆ ಕೇಳುಗರಿಂದಲೇ ಬರಬೇಕು. ಬಂದವುಗಳಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ಜನರೇ ಮತ ಹಾಕುತ್ತಿದ್ದರು. ಉತ್ತರ ಹುಡುಕಲು ಹೊರಟ ವರದಿಗಾರರ ಜೊತೆ ಪ್ರಶ್ನೆ ಕೇಳಿದವರೂ ಹೋಗಬಹುದಿತ್ತು. ಸಾಮಾನ್ಯವಾಗಿ ಸುದ್ದಿ ತಯಾರಾದ ಮೇಲೆ ಓದುಗರ ಸರದಿ. ಇಲ್ಲಿ ಓದುಗರಿಂದಲೇ ಸುದ್ದಿಯ ಆರಂಭ. ಮುಂದೆ ಬೇರೆ ಊರುಗಳ ಮಾಧ್ಯಮಗಳೂ ಈ ದಾರಿ ಹಿಡಿದವು. ಸ್ಯಾನ್‌ಫ್ರಾನ್ಸಿಸ್ಕೋದ ಕೆಕ್ಯುಇಡಿ ರೇಡಿಯೋದ ‘ಬೇ ಕ್ಯೂರಿಯಸ್’ ಅಂಥದ್ದೊಂದು.

ಇದು ಹೊರನಾಡಿನ ನಮಗೆ ಹೆಚ್ಚು ಬೇಕು ಎಂದು ನನಗನ್ನಿಸುತ್ತದೆ. ನಮ್ಮ ಸಂಘಗಳ ಸುದ್ದಿ ಎಂದರೆ ಸನ್ಮಾನ, ಯಕ್ಷಗಾನ, ವಾರ್ಷಿಕೋತ್ಸವದ ಫೋಟೋ. ಅವೂ ಇರಲಿ. ಆದರೆ ನಾವು ದಿನಾ ನಡೆಯುವ ರಸ್ತೆಯ ಸುದ್ದಿ ಅಲ್ಲಿಲ್ಲ. “ಊರು” ಎಂದರೆ ನಮಗೆ ಬಿಟ್ಟುಬಂದದ್ದು ಮಾತ್ರ. ಇಲ್ಲಿ ನಾವು ಬಾಡಿಗೆಗೆ ಇರುವವರಂತೆ, ಸ್ವಂತ ಫ್ಲಾಟ್ ಇದ್ದರೂ! ಬಾಡಿಗೆಯವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ತೆರಿಗೆ ಕಟ್ಟುತ್ತೇವೆ, ಓಟು ಹಾಕುತ್ತೇವೆ, “ನಮಗ್ಯಾಕೆ” ಎಂದು ಸುಮ್ಮನಿರುತ್ತೇವೆ.

ಕೇಳುವುದಕ್ಕೆ ದೊಡ್ಡ ಪತ್ರಿಕೆಯೇ ಬೇಕೆಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ನಮ್ಮ ಮರಾಠಿ ಅಷ್ಟಕ್ಕಷ್ಟೇ ಇರಬಹುದು. ಇಲ್ಲೇ ಓದಿದ ನಮ್ಮ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಅಪ್ಪ-ಅಮ್ಮ ಪ್ರಶ್ನೆ ಹೇಳಲಿ, ಮಕ್ಕಳು ಅರ್ಜಿ ಬರೆಯಲಿ. ಸಿಕ್ಕ ಉತ್ತರ ಕನ್ನಡದಲ್ಲಿ ಇಂಥ ಪುಟಗಳಿಗೆ ಬರಲಿ.

ಹೈದರಾಬಾದಿನಲ್ಲಿರಲಿ, ಚೆನ್ನೈಯಲ್ಲಿರಲಿ, ಪುಣೆಯಲ್ಲಿರಲಿ, ನಿಮ್ಮ ಬೀದಿಯ ಬಗ್ಗೆ ಒಂದು ಪ್ರಶ್ನೆ ಹುಡುಕಿ. ಮನೆಯ ಕಸ ಎಲ್ಲಿಗೆ ಹೋಗುತ್ತದೆ? ನಿಮ್ಮ ಸ್ಟಾಪಿನ ಬಸ್ ಯಾಕೆ ನಿಂತಿತು? ಓಣಿಗೆ ಆ ಹೆಸರು ಯಾರದ್ದು? ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ನನಗೂ ಗೊತ್ತಿರಲಿಲ್ಲ.

ಅಮ್ಮ ಊರಿಗೆ ಮರಳಿದ್ದಾರೆ. ಮಳೆಗಾಲದಲ್ಲಿ ಫೋನ್ ಮಾಡಿದಾಗ ಮೊದಲೆಲ್ಲ “ಅಲ್ಲಿ ಮಳೆ ಉಂಟಾ?” ಎಂದು ಕೇಳುತ್ತಿದ್ದರು. ಈಗ ಕೇಳುವುದು, “ಭಾತ್ಸಾ ತುಂಬಿತಾ?”