ಅವಸರದ ಬೆರಳಿಗೆ ಗುರಿ ದಕ್ಕದು

ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಗೆ ಹೋದವರಿಗೆಲ್ಲ ಆ ಕಥೆ ಗೊತ್ತು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮ ಬಂಡೆಗೆ ಬಾಣ ಬಿಟ್ಟನಂತೆ. ಒಂದೇ ಏಟಿಗೆ ನೀರು ಚಿಮ್ಮಿತಂತೆ. ಕಳೆದ ಭಾನುವಾರ ಅದೇ ಚಿಲುಮೆಯ ಹತ್ತಿರ, ಮರದ ನೆರಳಲ್ಲಿ, ಇನ್ನೊಂದು ಗುರಿಯ ಪಾಠ ನಡೆದಿತ್ತು. ಬಾಣವಿಲ್ಲ, ಪಿಸ್ತೂಲೂ ಇಲ್ಲ. ಇದ್ದದ್ದು ಎರಡು ಬೆರಳು ಮಾತ್ರ!

ಗುರುಗಳು ಸಶಸ್ತ್ರ ಮೀಸಲು ಪಡೆಯಿಂದ ನಿವೃತ್ತರಾದ ಒಬ್ಬ ಮುಖ್ಯ ಪೇದೆ. ಶಿಷ್ಯ ಅವರ ಅಕ್ಕನ ಮಗ, ಗುಬ್ಬಿ ಕಡೆಯ ಹುಡುಗ. ಪೊಲೀಸ್ ತರಬೇತಿಯಿಂದ ಎರಡು ದಿನ ರಜೆಗೆ ಬಂದವನು. ನಿಧಾನವಾಗಿ ಹೊಡೆದರೆ ಇವನ ಗುಂಡು ನಡುವೆಯೇ ಬೀಳುತ್ತದೆ. ಸೀಟಿ ಊದಿ ಬೇಗ ಹೊಡಿ ಅಂದರೆ ಸಾಕು, ಎಲ್ಲವೂ ಕೆಳಗೆ, ಎಡಕ್ಕೆ. ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ.

"ನನ್ನ ಎರಡು ಬೆರಳನ್ನೇ ಪಿಸ್ತೂಲು ಅಂತ ಹಿಡ್ಕೊಳ್ಳೋ. ನಾನು ಚಪ್ಪರಿಸಿದಾಗೆಲ್ಲ ಟ್ರಿಗರ್ ಎಳಿ" ಅಂದರು ಮಾವ. ಎಡಗೈಯಿಂದ ತೊಡೆ ತಟ್ಟುತ್ತಾ ಹೋದರು. ಮೂರನೆಯ ತಟ್ಟಿಗೇ ಮುಖ ಕಿವಿಚಿದರು.

"ಸಿಕ್ಕಿತು ಕಣೋ ಕಳ್ಳ! ಒಂದು ಬೆರಳು ಎಳೀಬೇಕಾದಲ್ಲಿ ಐದೂ ಬೆರಳಲ್ಲಿ ಹಾಲು ಕರೀತಾ ಇದ್ದೀಯ."

ರೋಗದ ಬೇರು ಅದೇ. ಹೊತ್ತಾಯಿತೆಂದು ಗಾಬರಿಯಾದರೆ ಹೆಗಲು ಮೇಲೇರುತ್ತದೆ, ದವಡೆ ಬಿಗಿಯುತ್ತದೆ, ಮುಷ್ಟಿ ಹಿಂಡುತ್ತದೆ. ಗುಂಡು ಹಾರುವ ಮೊದಲೇ ನಳಿಗೆಯ ಮೂತಿ ಬಗ್ಗಿಬಿಡುತ್ತದೆ. ಬಲಗೈಯವರಿಗೆ ಗುಂಡು ಕೆಳಗೆ ಎಡಕ್ಕೆ ಹೋಗುವುದು ಹೀಗೆ. ಲೆಕ್ಕ ಹಾಕಿ ನೋಡಿ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 22 ಸೆಂಟಿಮೀಟರ್ ಅಂತರವಿದ್ದರೆ, ಅಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೂ 25 ಮೀಟರ್ ದೂರದಲ್ಲಿ ಗುಂಡು ಸುಮಾರು 11 ಸೆಂಟಿಮೀಟರ್ ಆಚೆ!

ಒಲಿಂಪಿಕ್ಸ್‌ನ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆ ಈ ವಿದ್ಯೆಯ ಕಟ್ಟಕಡೆಯ ಪರೀಕ್ಷೆ. 25 ಮೀಟರ್ ದೂರದಲ್ಲಿ ಸಾಲಾಗಿ ಐದು ಗುರಿ, ಗುರಿಗೊಂದು ಗುಂಡು. ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ ಬರೀ 4 ಸೆಕೆಂಡು. ಇಳಿಬಿಟ್ಟ ಕೈ ಎತ್ತುವ ಹೊತ್ತೂ ಅದರಲ್ಲೇ ಸೇರಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸೇನೆಯ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಚಿನ್ನ ಕ್ಯೂಬಾದ ಲೆಯುರಿಸ್ ಪುಪೊ ಪಾಲಾಯಿತು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದು ಸಾವಧಾನದ ಆಟ. ಆದರೆ ಬೆರಳಿನ ಧರ್ಮ ಎರಡಕ್ಕೂ ಒಂದೇ.

ಹಾಗಾದರೆ ಕೈ ಸಡಿಲ ಬಿಡಬೇಕೇ? ಅದೂ ಅಲ್ಲ. ಮಣಿಕಟ್ಟು ಗಟ್ಟಿ ಇರಬೇಕು, ಹಿಡಿತ ಮೊದಲಿಂದ ಕೊನೆವರೆಗೂ ಒಂದೇ ಸಮ ಇರಬೇಕು. ಸಡಿಲ ಆಗಬೇಕಾದ್ದು ಹೆಗಲು, ಕತ್ತು, ದವಡೆ. ಕಣ್ಣು ಮುಂದಿನ ಸೈಟಿನ ಮೇಲೆ. ಕೈ ಏಳುತ್ತಿರುವಾಗಲೇ ಬೆರಳು ಟ್ರಿಗರ್ ಮೇಲೆ ಮೆಲ್ಲಗೆ ಒತ್ತಡ ಹಾಕುತ್ತಾ ಬರಬೇಕು. ಹೊಡೆದ ಗುಂಡು ಎಲ್ಲಿ ಬಿತ್ತೆಂದು ಇಣುಕಿದರೆ ಮುಂದಿನದೂ ಹಾಳು. ಗುಂಡಿಲ್ಲವೆಂದು ಎರಡೆರಡು ಸಲ ನೋಡಿಕೊಂಡ ಖಾಲಿ ಪಿಸ್ತೂಲಿನಲ್ಲಿ, ಉಸ್ತಾದರ ಎದುರು, ದಿನಾ ಇದನ್ನೇ ಮಾಡಬೇಕು. ಬೇರೆ ದಾರಿಯಿಲ್ಲ.

"ಟೈಮ್ ಸಾಕಾಗಲ್ಲ ಮಾವ" ಅಂದ ಹುಡುಗ.

"ಸಾಕಾಗ್ತದೆ. ಹೆದರಿಕೆಗೆ ಸಾಕಾಗಲ್ಲ ಅಷ್ಟೇ."

ಆಮೇಲೆ ಮಾವನ ದನಿ ತಗ್ಗಿತು. "ರೇಂಜಿನಲ್ಲಿ ಗುಂಡು ತಪ್ಪಿದರೆ ಮಣ್ಣಿನ ದಿಬ್ಬ ನುಂಗ್ತದೆ ಕಣೋ. ಪೇಟೆ ಬೀದೀಲಿ ದಿಬ್ಬ ಇರಲ್ಲ. ಗುರಿಯ ಪಕ್ಕದಲ್ಲಿ ಯಾರದೋ ಮಗ ನಿಂತಿರ್ತಾನೆ. ನಂಬರಿಗೋಸ್ಕರ ಕಲೀಬೇಡ, ಅವನಿಗೋಸ್ಕರ ಕಲಿ."

ಹುಡುಗ ಮಾತಾಡಲಿಲ್ಲ. ಉಸಿರು ಬಿಟ್ಟ, ಹೆಗಲು ಇಳಿಸಿದ, ಮತ್ತೆ ಆ ಎರಡು ಬೆರಳು ಹಿಡಿದ. ಐದು ತಟ್ಟು. ಈ ಸಲ ಮಾವನ ಮುಖ ಕಿವಿಚಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗ ತರಬೇತಿಗೆ ಹಿಂತಿರುಗಿದ್ದಾನೆ. ಪಾಸಾಗುತ್ತಾನೋ ಇಲ್ಲವೋ, ಯೋಗ ನರಸಿಂಹನೇ ಬಲ್ಲ. ನಿಧಾನವೇ ಪ್ರಧಾನ ಎಂಬ ಹಳೇ ಮಾತು ನಾಲ್ಕು ಸೆಕೆಂಡಿನ ಕೆಲಸಕ್ಕೂ ಸಲ್ಲುತ್ತದೆಂದು ಈ ವರದಿಗಾರನಿಗಂತೂ ಅಂದೇ ತಿಳಿಯಿತು.