ನಿಮಗಿದು ಗೊತ್ತೇ? ಮುಂಬಯಿಯ ಸಿಂಫನಿಗೆ ಊರೆಲ್ಲ ನೆಂಟರು

ಸಿಂಫನಿ ಎಂದರೆ ಕೋಟು ತೊಟ್ಟವರ ಸಂಗೀತ, ನಮಗೂ ಅದಕ್ಕೂ ಏನು ನಂಟು ಎನ್ನುವ ಮಾತು ಭಾಂಡುಪ್‌ನ ಕನ್ನಡ ಮನೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಮ್ಮವರಿಗೆ ಕಛೇರಿಯೆಂದರೆ ಷಣ್ಮುಖಾನಂದ ಹಾಲ್, ಇಲ್ಲವೇ 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್. ಆಟವೆಂದರೆ ಊರಿನಿಂದ ಮೇಳ ಬಂದ ರಾತ್ರಿ. ಆದರೆ ಈ ಶಹರದ ಸಿಂಫನಿಯ ಕಥೆಯಲ್ಲಿ ಪಾರ್ಸಿಗಳಿದ್ದಾರೆ, ಗೋವೆಯವರಿದ್ದಾರೆ, ಯುರೋಪಿನಿಂದ ಪ್ರಾಣ ಉಳಿಸಿಕೊಂಡು ಬಂದವರಿದ್ದಾರೆ. ಅದರ ಅಕ್ಕಪಕ್ಕದ ಕಥೆಯಲ್ಲಿ ನಮ್ಮ ಮೈಸೂರೂ ಇದೆ.

ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದು 1935ರಲ್ಲಿ. ಕಟ್ಟಿದವರು ಮೆಹ್ಲಿ ಮೆಹ್ತಾ ಎಂಬ ಪಾರ್ಸಿ ಪಿಟೀಲುವಾದಕರು; ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಐದು ವರ್ಷ ಕಳೆದ ಮೇಲೆ, 1940ರಲ್ಲಿ, ಬಾಂಬೆ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ನಾಲ್ವರ ತಂಡವನ್ನೂ ಅವರೇ ಶುರು ಮಾಡಿದರು.

ಅಲ್ಲಿ ಕೂತು ನುಡಿಸುತ್ತಿದ್ದವರು ಯಾರು ಗೊತ್ತೇ? ಸಂಗೀತದ ಹುಚ್ಚಿಗೆ ಬರುತ್ತಿದ್ದ ಪಾರ್ಸಿಗಳು, ಹೋಟೆಲುಗಳಲ್ಲೂ ಸಿನಿಮಾ ಸ್ಟುಡಿಯೋಗಳಲ್ಲೂ ದುಡಿಯುತ್ತಿದ್ದ ಗೋವೆಯ ವಾದಕರು, ಊದುವ ವಾದ್ಯಗಳಿಗೆ ನೌಕಾಪಡೆಯ ಬ್ಯಾಂಡಿನವರು. ತಿಂಗಳ ಸಂಬಳ ಕೊಟ್ಟು ಇಷ್ಟು ಜನರನ್ನು ಸಾಕುವ ಶಕ್ತಿ ಯಾರಿಗೂ ಇರಲಿಲ್ಲ. ಹೊಟ್ಟೆಪಾಡಿನ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಬೀಥೋವನ್ ನುಡಿಸಿದವರು ಇವರು. ಹಗಲು ಫ್ಯಾಕ್ಟರಿ, ರಾತ್ರಿ ಶಾಲೆ ಎಂದು ಬದುಕಿದ ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲಾ ಘೋಡಾದ ಬಳಿ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ನೋಡಿದ್ದೀರಾ? ಅದು ಹಿಂದೆ ಸರ್ ಕಾವಸ್‌ಜಿ ಜಹಾಂಗೀರ್ ಹಾಲ್. ಪಾಶ್ಚಾತ್ಯ ಸಂಗೀತದ ಕಛೇರಿಗಳಿಗೆ ಆ ಕಾಲದಲ್ಲಿ ಅದೇ ಜಾಗ. 1996ರಿಂದ ಅಲ್ಲಿ ಚಿತ್ರಗಳಿವೆ.

ಮೆಹ್ಲಿಯವರ ಮಗ ಜುಬಿನ್ ಮೆಹ್ತಾ ಹುಟ್ಟಿದ್ದು ಇದೇ ಊರಿನಲ್ಲಿ, 1936ರ ಏಪ್ರಿಲ್ 29ರಂದು, ಅಂದರೆ ಅಪ್ಪನ ಆರ್ಕೆಸ್ಟ್ರಾ ಹುಟ್ಟಿದ ಮರುವರ್ಷ. ಓದಿದ್ದು ಮಜಗಾಂವ್‌ನ ಸೇಂಟ್ ಮೇರೀಸ್ ಶಾಲೆಯಲ್ಲಿ. ಮನೆಯವರಿಗೆ ಹುಡುಗ ಡಾಕ್ಟರಾಗಲಿ ಎಂಬ ಆಸೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅದಕ್ಕೆ ಬೇಕಾದ ಓದನ್ನು ಅರ್ಧಕ್ಕೆ ಬಿಟ್ಟು, ಹದಿನೆಂಟನೆಯ ವಯಸ್ಸಿಗೆ ವಿಯೆನ್ನಾಕ್ಕೆ ಹೋದ. ಲಾಸ್ ಏಂಜಲೀಸ್, ಇಸ್ರೇಲ್, ನ್ಯೂಯಾರ್ಕ್ ಫಿಲ್‌ಹಾರ್ಮಾನಿಕ್‌ಗಳ ಮುಂದೆ ನಿಂತದ್ದು ಅದೇ ಹುಡುಗ.

ಅಪ್ಪನೂ ಊರು ಬಿಟ್ಟರು. 1945ರಲ್ಲಿ ನ್ಯೂಯಾರ್ಕಿಗೆ ಹೋಗಿ ಇವಾನ್ ಗಲಾಮಿಯನ್ ಅವರ ಬಳಿ ಕಲಿತರು. ಆಮೇಲೆ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾ, ಕೊನೆಗೆ ಲಾಸ್ ಏಂಜಲೀಸ್. ಅಲ್ಲಿ 1964ರಲ್ಲಿ ಎಳೆಯರಿಗಾಗಿ ಅಮೆರಿಕನ್ ಯೂತ್ ಸಿಂಫನಿ ಕಟ್ಟಿದರು. 2002ರಲ್ಲಿ ತೀರಿಕೊಂಡರು. ಅವರ ಹೆಸರಿನ ಮೆಹ್ಲಿ ಮೆಹ್ತಾ ಮ್ಯೂಸಿಕ್ ಫೌಂಡೇಶನ್ 1995ರಿಂದ ಮುಂಬಯಿಯ ಮಕ್ಕಳಿಗೆ ಸಂಗೀತ ಕಲಿಸುತ್ತಿದೆ.

ಬೆಳಗ್ಗೆ ರೇಡಿಯೋ ಹಾಕಿದೊಡನೆ ಕೇಳಿಸುತ್ತಿದ್ದ ಆಕಾಶವಾಣಿಯ ಆ ರಾಗ ನೆನಪಿದೆಯೇ? ತಂಬೂರಿಯ ಶ್ರುತಿ, ಅದರ ಮೇಲೆ ಶಿವರಂಜಿನಿಯ ನೆರಳಿರುವ ಪಿಟೀಲು. ಅದನ್ನು ರಚಿಸಿದವರೆಂದು ಸಾಮಾನ್ಯವಾಗಿ ಹೆಸರಿಸುವುದು ವಾಲ್ಟರ್ ಕಾಫ್‌ಮನ್ ಅವರನ್ನು. ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಈ ಯಹೂದಿ ಸಂಗೀತಗಾರ ಹಿಟ್ಲರನ ಕಾಲದ ಯುರೋಪ್ ಬಿಟ್ಟು 1934ರಲ್ಲಿ ಮುಂಬಯಿಗೆ ಬಂದರು. ಬಂದವರೇ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಶುರು ಮಾಡಿದರು. ಮುಂದೆ ಮುಂಬಯಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡರು. ಆ ಧ್ವನಿಮುದ್ರಿಕೆಯ ಪಿಟೀಲು ಮೆಹ್ಲಿ ಮೆಹ್ತಾ ಅವರದೆಂದು ಪ್ರತೀತಿ.

ಕಾಫ್‌ಮನ್ ಅವರ ಹೆಂಡತಿ ಗೆರ್ಟಿ, ಕಾದಂಬರಿಕಾರ ಫ್ರಾಂಜ್ ಕಾಫ್ಕಾನ ಸೋದರಿಯ ಮಗಳು.

ಮೊದಲು ನಮ್ಮ ಸಂಗೀತ ಕಾಫ್‌ಮನ್ ಅವರಿಗೆ ಒಂದಿಷ್ಟೂ ಹತ್ತಲಿಲ್ಲವಂತೆ. ಇಷ್ಟು ಜನ ಇಷ್ಟು ಪ್ರೀತಿಯಿಂದ ಕೇಳುವ ಸಂಗೀತ ತಪ್ಪಾಗಿರಲಾರದು, ತಪ್ಪು ನನ್ನ ಕಿವಿಯದೇ ಇರಬೇಕು ಎಂದುಕೊಂಡು ಕಲಿಯಲು ಕೂತರು. ಉತ್ತರ ಭಾರತದ ರಾಗಗಳ ಮೇಲೆ ಒಂದು, ದಕ್ಷಿಣದ ರಾಗಗಳ ಮೇಲೆ ಇನ್ನೊಂದು ದೊಡ್ಡ ಗ್ರಂಥ ಬರೆದರು. ಕೆನಡಾದ ವಿನಿಪೆಗ್ ಸಿಂಫನಿಯ ಮೊದಲ ನಿರ್ದೇಶಕರಾದದ್ದೂ ಇವರೇ, 1948ರಲ್ಲಿ. ಸಿಂಫನಿ ನಮ್ಮದಲ್ಲ ಎಂದು ಕದ ಮುಚ್ಚುವ ಮೊದಲು ಈ ಮನುಷ್ಯನನ್ನು ಒಮ್ಮೆ ನೆನೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಂದಹಾಗೆ, ಆಕಾಶವಾಣಿ ಎಂಬ ಹೆಸರು ಬಂದದ್ದು ಮೈಸೂರಿನಿಂದ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಅಲ್ಲಿ ಶುರು ಮಾಡಿದ ಖಾಸಗಿ ಬಾನುಲಿ ಕೇಂದ್ರದ ಹೆಸರದು.

ಈಗ ಗೋವೆಯವರ ಮಾತು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಹಳ್ಳಿಹಳ್ಳಿಯ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ದೊಡ್ಡವರಾಗಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದಾಗ ಅವರು ಇಳಿದುಕೊಳ್ಳುತ್ತಿದ್ದದ್ದು ಧೋಬಿ ತಲಾವ್ ಕಡೆಯ ‘ಕೂಡ್’ಗಳಲ್ಲಿ. ಒಂದೊಂದು ಊರಿನವರಿಗೆ ಒಂದೊಂದು ಕೂಡ್. ಒಂದು ಟ್ರಂಕು ಇಡುವಷ್ಟು ಜಾಗ, ಗೋಡೆಗೆ ಊರ ದೇವರ ಪಟ. ಪಿಟೀಲಿನ ತಂತಿ, ಬಿಲ್ಲಿಗೆ ಹಚ್ಚುವ ರಾಳ, ಸ್ವರಲಿಪಿಯ ಪುಸ್ತಕ ಬೇಕಾದರೆ ಅದೇ ಕಡೆ 1865ರಿಂದ ಇರುವ ಫುರ್ಟಾಡೋಸ್ ಅಂಗಡಿ.

ಹಿಂದಿ ಸಿನಿಮಾದ ಆರ್ಕೆಸ್ಟ್ರಾವನ್ನು ಕಟ್ಟಿದ್ದು ಹೆಚ್ಚಾಗಿ ಈ ಓದುಬಲ್ಲ ಕೈಗಳೇ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಹಿಡಿದು ಧಾಟಿ ಹೇಳುತ್ತಿದ್ದ. ಅದನ್ನು ಕೇಳಿ, ಪಿಟೀಲುಗಳಿಗೆ ಇಷ್ಟು, ಚೆಲ್ಲೋಗೆ ಇಷ್ಟು, ಟ್ರಂಪೆಟ್ ಇಲ್ಲಿ ಎಂದು ಕಾಗದದ ಮೇಲೆ ಬಿಡಿಸಿ ಬರೆಯುತ್ತಿದ್ದವನು ಅರೇಂಜರ್. ವಾದಕರು ಆ ಹಾಳೆ ಎದುರಿಗಿಟ್ಟುಕೊಂಡು, ಗಾಯಕರ ಜೊತೆಯಲ್ಲೇ, ಒಂದೇ ಟೇಕಿನಲ್ಲಿ ನುಡಿಸಬೇಕು. ಯಾರೋ ಒಬ್ಬ ತಪ್ಪಿದರೂ ಮತ್ತೆ ಮೊದಲಿನಿಂದ. ಶಂಕರ್–ಜೈಕಿಶನ್ ಹಾಡುಗಳಲ್ಲಿ ಅಲೆಯಲೆಯಾಗಿ ಏಳುವ ಪಿಟೀಲುಗಳ ಹಿಂದೆ ಗೋವೆಯ ಸೆಬಾಸ್ಟಿಯನ್ ಡಿಸೋಜಾ ಇದ್ದಾರೆ. ದೇಶ ಒಡೆಯುವ ಮುಂಚೆ ಅವರು ಲಾಹೋರಿನ ಹೋಟೆಲೊಂದರಲ್ಲಿ ಬ್ಯಾಂಡ್ ನಡೆಸುತ್ತಿದ್ದವರು. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಇಂಥವರ ಹೆಸರು ಕಾಣಿಸಿದ್ದು ಅಪರೂಪ. ಅದು ಆ ತಲೆಮಾರಿಗೆ ಆದ ಅನ್ಯಾಯ.

ಆಂಥನಿ ಗೊನ್ಸಾಲ್ವಿಸ್ ನಿಜವಾಗಿಯೂ ಇದ್ದರು, ಗೊತ್ತೇ? 1977ರ ‘ಅಮರ್ ಅಕ್ಬರ್ ಆಂಥನಿ’ ಚಿತ್ರದಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಹೊರಬಂದು ಹೇಳುವ ಹೆಸರು ಗೋವೆಯ ಮಜೋರ್ಡಾದ ಪಿಟೀಲು ಮೇಷ್ಟರೊಬ್ಬರದು. ಆ ಚಿತ್ರದ ಸಂಗೀತ ನಿರ್ದೇಶಕರಲ್ಲೊಬ್ಬರಾದ ಪ್ಯಾರೇಲಾಲ್ ಅವರ ಶಿಷ್ಯ. ಆ ಹಾಡು ಗುರುವಿಗೆ ಸಲ್ಲಿಸಿದ ಕಾಣಿಕೆ.

ಆ ಮೇಷ್ಟರಿಗೆ ಒಂದು ಕನಸಿತ್ತು: ನಮ್ಮ ರಾಗಗಳನ್ನು ಪೂರ್ತಿ ಸಿಂಫನಿ ಆರ್ಕೆಸ್ಟ್ರಾದಲ್ಲಿ ಕೇಳಿಸಬೇಕು. 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ನೂರಕ್ಕೂ ಹೆಚ್ಚು ವಾದಕರನ್ನು ಒಟ್ಟುಹಾಕಿ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಕಛೇರಿ ಮಾಡಿದರು. ಹಾಡಿದವರು ಲತಾ ಮಂಗೇಶ್ಕರ್, ಮನ್ನಾ ಡೇ. ಆದರೆ ಅಂಥ ಪ್ರಯೋಗವನ್ನು ವರ್ಷವರ್ಷ ನಡೆಸಿಕೊಂಡು ಹೋಗಲು ಬೇಕಾದ ಹಣ ಎಲ್ಲಿಂದ ಬರಬೇಕು? ಅರುವತ್ತರ ದಶಕದಲ್ಲಿ ಅವರು ಅಮೆರಿಕಕ್ಕೆ ಹೋದರು, ಮರಳಿ ಬಂದು ಗೋವೆಯಲ್ಲಿ ನೆಲೆಸಿದರು, 2012ರ ಜನವರಿಯಲ್ಲಿ ಕಣ್ಮುಚ್ಚಿದರು.

ಹಣದ ಮಾತು ಬಂದ ಮೇಲೆ ಮೈಸೂರಿಗೆ ಹೋಗಲೇಬೇಕು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಇಂದು ಜಗತ್ತಿನ ದೊಡ್ಡ ವಾದ್ಯವೃಂದಗಳಲ್ಲಿ ಒಂದು. ವಾಲ್ಟರ್ ಲೆಗ್ ಅದನ್ನು ಕಟ್ಟಿದ್ದು 1945ರಲ್ಲಿ. ಎಳವೆಯಲ್ಲಿ ಅದು ಕಾಸಿಗೆ ಪರದಾಡುತ್ತಿದ್ದಾಗ ಕೈಹಿಡಿದವರು ನಮ್ಮ ಜಯಚಾಮರಾಜ ಒಡೆಯರ್. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. ಆಗ ಅವರಿಗೆ ವಯಸ್ಸು ಸುಮಾರು ಮೂವತ್ತು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ, 1948ರಲ್ಲಿ. ಮೈಸೂರಿಗೆ ಬಂದ ಲೆಗ್ ಅರಮನೆಯ ರೆಕಾರ್ಡುಗಳ ಭಂಡಾರವನ್ನೂ ದೊಡ್ಡ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದರು.

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಲಂಡನ್ನಿನಲ್ಲಿ ಬಡತನದಲ್ಲಿ, ಕಾಯಿಲೆಯಲ್ಲಿ ದಿನ ದೂಡುತ್ತಿದ್ದರು. ಅವರ ಸಂಗೀತ ಉಳಿಯಬೇಕೆಂದು ಮಹಾರಾಜರು ಮೆಟ್ನರ್ ಸೊಸೈಟಿ ಸ್ಥಾಪಿಸಿ ಖರ್ಚು ಕೊಟ್ಟರು. ಮೆಟ್ನರ್ ತಾವೇ ಪಿಯಾನೋ ಮುಂದೆ ಕೂತು ಪಿಯಾನೋಗೂ ಆರ್ಕೆಸ್ಟ್ರಾಕ್ಕೂ ಬರೆದ ತಮ್ಮ ಮೂರು ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾದ ಜೊತೆ ನುಡಿಸಿದರು, ಎಚ್‌ಎಂವಿ ಮುದ್ರಿಸಿಕೊಂಡಿತು. 1951ರಲ್ಲಿ ಅವರು ತೀರಿಕೊಂಡರು. ಈ ಏರ್ಪಾಡಿನಿಂದ ಆ ಮೂರು ಕಂಚೆರ್ಟೊಗಳು ಅವರದೇ ಕೈಗಳಲ್ಲಿ ನಮಗೆ ದಕ್ಕಿದವು. ಮೂರನೆಯ ಕಂಚೆರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತ.

ಇನ್ನೊಂದು: ರಿಚರ್ಡ್ ಸ್ಟ್ರಾಸ್ ಬರೆದ ‘ನಾಲ್ಕು ಕೊನೆಯ ಹಾಡುಗಳು’ ಮೊಟ್ಟಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ, ನಿರ್ದೇಶನ ಫುರ್ಟ್‌ವಾಂಗ್ಲರ್. ಅಂದಿನ 4,800 ಡಾಲರ್ ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜರು. ಅವರು ಅಂದು ಸಭೆಯಲ್ಲಿರಲಿಲ್ಲ. ತಮ್ಮ ಭಂಡಾರಕ್ಕೆ ಆ ಕಛೇರಿಯ ಧ್ವನಿಮುದ್ರಿಕೆ ಬೇಕೆಂದು ಕೇಳಿದ್ದರು. ಇದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದರು. ಎರಡು ಸಂಗೀತಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದು ಅವರಿಗೆ ಯಾವತ್ತೂ ಅನ್ನಿಸಿದ ಹಾಗಿಲ್ಲ.

ಇದು ಅವರ ಮನೆಯಲ್ಲೇ ಇದ್ದ ಗುಣ. ದೊಡ್ಡಪ್ಪ ನಾಲ್ವಡಿಯವರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಒಟ್ಟೊ ಸ್ಮಿತ್ ಎಂಬ ಜರ್ಮನ್ ಅದರ ನಿರ್ದೇಶಕ. ವೀಣೆ ವೆಂಕಟಗಿರಿಯಪ್ಪನವರು ಮೇಳದಲ್ಲಿ ನುಡಿಸಲೆಂದೇ ‘ನಗ್ಮ’ಗಳನ್ನು ರಚಿಸಿದರು. ಅರಮನೆಯ ಬ್ಯಾಂಡುಗಳ ಪರಂಪರೆಯನ್ನು ಈಗ ಕರ್ನಾಟಕ ಪೊಲೀಸ್ ಬ್ಯಾಂಡ್ ನಡೆಸಿಕೊಂಡು ಬಂದಿದೆ. ದಸರೆಗೆ ಊರಿಗೆ ಹೋದಾಗ ಕೇಳಿರುತ್ತೀರಿ.

ನಮ್ಮ ಪಿಟೀಲಿಗೂ ಪಾಶ್ಚಾತ್ಯರ ಪಿಟೀಲಿಗೂ ವ್ಯತ್ಯಾಸ ಏನು? ವಾದ್ಯದಲ್ಲಿ ಏನೂ ಇಲ್ಲ. ಶ್ರುತಿಯಲ್ಲಿ ಇದೆ, ಹಿಡಿಯುವ ರೀತಿಯಲ್ಲಿ ಇದೆ. ಅವರು ನಾಲ್ಕು ತಂತಿಗಳನ್ನು ಒಂದರಿಂದ ಒಂದಕ್ಕೆ ಪಂಚಮದ ಅಂತರದಲ್ಲಿ ಏರಿಸುತ್ತಾ ಹೋಗುತ್ತಾರೆ. ನಮ್ಮಲ್ಲಿ ಸ, ಪ, ಮತ್ತೆ ಸ, ಪ. ಅವರು ಗಲ್ಲಕ್ಕೆ ಆನಿಸುತ್ತಾರೆ. ನಮ್ಮವರು ನೆಲದಲ್ಲಿ ಕೂತು ತುದಿಯನ್ನು ಪಾದದ ಮೇಲಿಡುತ್ತಾರೆ. ಎಡಗೈಗೆ ಭಾರವಿಲ್ಲದ್ದರಿಂದ ಗಮಕಕ್ಕೆ ಬೆರಳು ಸಲೀಸಾಗಿ ಜಾರುತ್ತದೆ. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ಮಾಡಿಕೊಂಡರು.

ಮುಂಬಯಿಗೆ ಮರಳೋಣ. 1962ರಲ್ಲಿ ಬಾಂಬೆ ಚೇಂಬರ್ ಆರ್ಕೆಸ್ಟ್ರಾ ಹುಟ್ಟಿತು. 1969ರಲ್ಲಿ ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್ (ಎನ್‌ಸಿಪಿಎ) ಸ್ಥಾಪನೆಯಾಯಿತು. ಅದರ ಹಿಂದೆ ನಿಂತವರು ಜಮ್‌ಶೆಡ್ ಭಾಭಾ, ಜೆ.ಆರ್.ಡಿ. ಟಾಟಾ. ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ ಟಾಟಾ ಥಿಯೇಟರ್ ಎದ್ದದ್ದು 1980ರಲ್ಲಿ, ಉದ್ಘಾಟಿಸಿದವರು ಇಂದಿರಾ ಗಾಂಧಿ. ಜಮ್‌ಶೆಡ್ ಭಾಭಾ ಥಿಯೇಟರ್ ಮುಗಿಯುವ ಹೊತ್ತಿಗೆ ಬೆಂಕಿಗೆ ಸಿಕ್ಕಿತು. ಮತ್ತೆ ಕಟ್ಟಿ 1999ರಲ್ಲಿ ತೆರೆದರು.

ಇತ್ತ ಎಂಬತ್ತು–ತೊಂಬತ್ತರ ದಶಕದಲ್ಲಿ ಸಿಂಥಸೈಜರ್ ಬಂದು ಸ್ಟುಡಿಯೋಗಳಲ್ಲಿ ಪಿಟೀಲುಗಳ ಸಾಲುಗಳು ಖಾಲಿಯಾದವು. ಒಂದು ಕೀಬೋರ್ಡು ಹತ್ತಾರು ಮಂದಿಯ ಕೆಲಸ ಮಾಡತೊಡಗಿತು. ಅಪ್ಪನಿಂದ ಮಗನಿಗೆ ಬಂದ ವಿದ್ಯೆ ಮೊಮ್ಮಗನವರೆಗೆ ಹೋಗದ ಮನೆಗಳು ಎಷ್ಟೋ.

ಅದಕ್ಕೇ 2006 ಮುಖ್ಯ. ಎನ್‌ಸಿಪಿಎಯ ಖುಷ್ರೂ ಸನ್‌ಟೂಕ್ ಮತ್ತು ಕಜಕಸ್ತಾನದ ಪಿಟೀಲುವಾದಕ ಮರಾತ್ ಬಿಸೆಂಗಾಲಿಯೆವ್ ಸೇರಿ ಆ ವರ್ಷ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕಟ್ಟಿದರು. ಸಂಬಳ ಪಡೆದು ಇದನ್ನೇ ವೃತ್ತಿಯಾಗಿ ನುಡಿಸುವ ದೇಶದ ಮೊದಲ ಸಿಂಫನಿ ಆರ್ಕೆಸ್ಟ್ರಾ ಇದು. ಇಲ್ಲಿನ ಕಾಯಂ ವಾದಕರ ಜೊತೆಗೆ ಪ್ರತಿ ಸೀಸನ್ನಿಗೂ ಹೊರದೇಶಗಳಿಂದ ವಾದಕರು ಬಂದು ಸೇರುತ್ತಾರೆ. ಇದೇನು ಭಾರತದ ಆರ್ಕೆಸ್ಟ್ರಾ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಉತ್ತರ 2012ರಲ್ಲಿ ಶುರುವಾದ ಇದರ ಮ್ಯೂಸಿಕ್ ಅಕಾಡೆಮಿ. ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು, ಸ್ವರಜ್ಞಾನ, ಗಾಯನ, ವಾದ್ಯ ಎಲ್ಲವನ್ನೂ ವರ್ಷಗಟ್ಟಲೆ ಕಲಿಸುತ್ತಾರೆ. ಆರ್ಕೆಸ್ಟ್ರಾ ಬೆಳೆಯಲು ಬೇರೆ ದಾರಿ ಇಲ್ಲ.

ತಬಲಾಕ್ಕೂ ಸಿಂಫನಿಗೂ ಬರೆದ ಕಂಚೆರ್ಟೊ ಕೇಳಿದ್ದೀರಾ? ಜಾಕಿರ್ ಹುಸೇನ್ ಅವರ ‘ಪೇಶ್ಕಾರ್’. ಈ ಆರ್ಕೆಸ್ಟ್ರಾ ಕೇಳಿಕೊಂಡು ಬರೆಸಿದ್ದು. ಮೊದಲು ನುಡಿದದ್ದು 2015ರಲ್ಲಿ, ಮುಂಬಯಿಯಲ್ಲಿ. 2019ರ ಬ್ರಿಟನ್ ಪ್ರವಾಸದಲ್ಲಿ ಜಾಕಿರ್ ಅವರೇ ಜೊತೆಗಿದ್ದರು. 2023ರ ಆಗಸ್ಟಿನಲ್ಲಿ ಜುಬಿನ್ ಮೆಹ್ತಾ, ತಮ್ಮ 87ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನ ಈ ಆರ್ಕೆಸ್ಟ್ರಾವನ್ನು ನಿರ್ದೇಶಿಸಿದರು.

ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕ ಆಪೆರಾ ಆದದ್ದು ಗೊತ್ತೇ? ಮಾಡಿದವರು ಮುಂಬಯಿಯ ವನರಾಜ್ ಭಾಟಿಯಾ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲೂ ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರಲ್ಲೂ ಕಲಿತು ಬಂದು ಶ್ಯಾಮ್ ಬೆನಗಲ್ ಚಿತ್ರಗಳಿಗೆ ಸಂಗೀತ ಕೊಟ್ಟವರು. ‘ಅಗ್ನಿವರ್ಷ’ ಎಂಬ ಆ ಆಪೆರಾದ ಭಾಗಗಳನ್ನು 2012ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದರು. 2021ರಲ್ಲಿ ಭಾಟಿಯಾ ತೀರಿಕೊಂಡರು. ಕನ್ನಡ ನಾಟಕವೊಂದರಿಂದ ಹುಟ್ಟಿದ ಈ ಆಪೆರಾವನ್ನು ಪೂರ್ತಿಯಾಗಿ, ಇದೇ ಊರಿನಲ್ಲಿ, ಇದೇ ಆರ್ಕೆಸ್ಟ್ರಾದ ಜೊತೆ ಕೇಳಬೇಕೆಂಬುದು ನನ್ನ ದೊಡ್ಡ ಆಸೆ.

ಹೋಗಿ ಕೇಳಬೇಕೆನ್ನುವವರಿಗೆ: ಎನ್‌ಸಿಪಿಎಯಲ್ಲಿ ಈ ಆರ್ಕೆಸ್ಟ್ರಾದ ಸೀಸನ್ನುಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು, ಫೆಬ್ರವರಿ ಮತ್ತು ಸೆಪ್ಟೆಂಬರ್ ಸುಮಾರಿಗೆ. ಭಾಂಡುಪ್‌ನಿಂದ ಸ್ಲೋ ಲೋಕಲ್ ಹಿಡಿದು ಸಿಎಸ್‌ಎಂಟಿಗೆ, ಅಲ್ಲಿಂದ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ನರಿಮನ್ ಪಾಯಿಂಟಿಗೆ. ಹತ್ತು ನಿಮಿಷ ಮುಂಚೆಯೇ ಸೀಟಿನಲ್ಲಿರಿ. ಓಬೋ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ, ಮಿಕ್ಕವರೆಲ್ಲ ಅದಕ್ಕೆ ಶ್ರುತಿ ಕೂಡಿಸಿಕೊಳ್ಳುತ್ತಾರೆ, ಅದನ್ನು ತಪ್ಪಿಸಿಕೊಳ್ಳಬಾರದು. ಸಿಂಫನಿಗೆ ಹೆಚ್ಚಾಗಿ ನಾಲ್ಕು ಭಾಗಗಳು. ನಡುನಡುವೆ ವಾದ್ಯಗಳು ನಿಂತರೂ ಚಪ್ಪಾಳೆ ಬೇಡ, ನಿರ್ದೇಶಕರು ಸಭೆಯ ಕಡೆ ತಿರುಗಿದ ಮೇಲೆ ತಟ್ಟಿ.