ಫಿರಂಗಿಯ ಕಾಲದ ಕೋಟೆ: ರೇವನ್ಸ್‌ಕ್ರೇಗ್

ಕೋಟೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಎತ್ತರದ ಚಿತ್ರ. ಏಣಿ ಹಾಕಿ ಏರಬರುವ ಶತ್ರುವಿಗೂ ಬಾಣ ಬಿಡುವ ಶತ್ರುವಿಗೂ ಬಹುಕಾಲ ಎತ್ತರದ ಗೋಡೆಯೇ ತಕ್ಕ ಉತ್ತರವಾಗಿತ್ತು. ಆ ಬಲವನ್ನೇ ದೌರ್ಬಲ್ಯವಾಗಿ ಮಾರ್ಪಡಿಸಿದ್ದು ಫಿರಂಗಿ. ಎತ್ತರವಾದ ತೆಳುಗೋಡೆಯ ಬುಡಕ್ಕೆ ಗುಂಡು ಬಡಿದರೆ, ಗೋಡೆ ತನ್ನ ಭಾರದಿಂದಲೇ ಕುಸಿಯುತ್ತದೆ. ಇದನ್ನರಿತು ಕಟ್ಟಿದ ಒಂದು ಕೋಟೆಯ ವಿಚಾರವನ್ನು ನಾನಿಲ್ಲಿ ಹೇಳಬಯಸುತ್ತೇನೆ.

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ ಫೋರ್ತ್ ಎಂಬ ವಿಶಾಲವಾದ ಅಳಿವೆಯಿದೆ. ಅದರ ಉತ್ತರ ದಡದಲ್ಲಿರುವುದು ಕರ್ಕಾಡಿ, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಹುಟ್ಟಿದ ಊರು. ಅಲ್ಲಿ ಕಡಲೊಳಕ್ಕೆ ಚಾಚಿದ ಬಂಡೆಯೊಂದರ ಮೇಲೆ ರೇವನ್ಸ್‌ಕ್ರೇಗ್ ಕೋಟೆಯ ಅವಶೇಷಗಳಿವೆ. ಕಾಡುಕಾಗೆಯ ಬಂಡೆ ಎಂಬುದು ಆ ಹೆಸರಿನ ಅರ್ಥ.

ಕೋಟೆಯನ್ನು ಕಟ್ಟತೊಡಗಿದವನು ದೊರೆ ಎರಡನೆಯ ಜೇಮ್ಸ್. ಫಿರಂಗಿಗಳೆಂದರೆ ಅವನಿಗೆ ಬಲು ವ್ಯಾಮೋಹ. 1449ರಲ್ಲಿ ಅವನ ಕೈಹಿಡಿದ ಗೆಲ್ಡರ್ಸಿನ ಮೇರಿ, ಬರ್ಗಂಡಿಯ ಪ್ರಭು ಫಿಲಿಪನ ಬಂಧು. ಆ ಫಿಲಿಪ್ 1457ರಲ್ಲಿ ಜೇಮ್ಸನಿಗೆ ‘ಮಾನ್ಸ್ ಮೆಗ್’ ಎಂಬ ದೈತ್ಯ ಫಿರಂಗಿಯನ್ನು ಉಡುಗೊರೆಯಾಗಿ ಕಳುಹಿಸಿದನು. ಸುಮಾರು 20 ಅಂಗುಲ ಅಗಲದ ಬಾಯುಳ್ಳ ಅದನ್ನು ಎಡಿನ್‌ಬರೋ ಕೋಟೆಯಲ್ಲಿ ಇಂದಿಗೂ ಕಾಣಬಹುದು. ಇಂಥ ಆಯುಧವನ್ನು ಕಂಡ ದೊರೆಗೆ, ನಾಳೆ ಇದೇ ತನ್ನ ಬಾಗಿಲಿಗೂ ಬಂದೀತೆಂದು ತೋರಿದ್ದರೆ ಆಶ್ಚರ್ಯವಿಲ್ಲ.

1460ರಲ್ಲಿ ರಾಣಿಗಾಗಿ ರೇವನ್ಸ್‌ಕ್ರೇಗಿನ ಕೆಲಸ ಮೊದಲಾಯಿತು. ಅದೇ ವರ್ಷ ಆಗಸ್ಟ್ 3ರಂದು, ಆಂಗ್ಲರ ವಶದಲ್ಲಿದ್ದ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ, ದೊರೆಯ ಪಕ್ಕದಲ್ಲಿದ್ದ ಅವನದೇ ಫಿರಂಗಿ ಸಿಡಿದು ಅವನು ಮಡಿದನು. ಆಗ ಅವನಿಗಿನ್ನೂ 29 ವರ್ಷ. ಬಾಲಕನಾದ ಮಗನ ಪರವಾಗಿ ರಾಜ್ಯದ ಹೊಣೆ ಹೊತ್ತ ಮೇರಿ, ಕೋಟೆಯ ಕೆಲಸವನ್ನು ನಿಲ್ಲಗೊಡಲಿಲ್ಲ. ಗಂಡನನ್ನು ಕೊಂದ ಆಯುಧಕ್ಕೆ ಇದಿರಾಗಿ ನಿಲ್ಲಬಲ್ಲ ಗೋಡೆಗಳು ಅವಳ ಕಣ್ಣೆದುರಿಗೆ ಮೇಲೇಳತೊಡಗಿದವು.

ಆ ಗೋಡೆಗಳ ಅರ್ಥವನ್ನು ತುಸು ಬಿಡಿಸಿ ನೋಡೋಣ. ಕಡಲ ಕಡೆಗೆ ಕಡಿದಾದ ಬಂಡೆಯೇ ರಕ್ಷಣೆ. ಭಾರವಾದ ಫಿರಂಗಿಗಳನ್ನು ಎಳೆದು ತಂದು ಹೂಡಬಹುದಾದದ್ದು ನೆಲದ ಕಡೆಯಿಂದ ಮಾತ್ರ. ಆದ್ದರಿಂದ ಕಟ್ಟಿದವರು ತಮ್ಮ ಬಲವನ್ನೆಲ್ಲ ಆ ಒಂದೇ ಮುಖಕ್ಕೆ ಧಾರೆಯೆರೆದರು. ಮುಂದೆ ಬಂಡೆಯಲ್ಲಿ ಕಡಿದ ಕಂದಕ. ಅದರ ಹಿಂದೆ ಎರಡು ದಪ್ಪನೆಯ ಬುರುಜುಗಳು, ನಡುವೆ ಅವನ್ನು ಕೂಡಿಸುವ ಕಟ್ಟಡ. ಗೋಡೆಯ ದಪ್ಪ ಕೆಲವೆಡೆ ಸುಮಾರು 14 ಅಡಿ. ಬುರುಜುಗಳ ಮೈ ದುಂಡಗಿರುವುದರಿಂದ ಗುಂಡು ನೇರವಾಗಿ ನಾಟದೆ ಓರೆಯಾಗಿ ಜಾರುವ ಸಂಭವ ಹೆಚ್ಚು. ಗೋಡೆಯಲ್ಲಿ ಫಿರಂಗಿಯ ಕಿಂಡಿಗಳಿವೆ. ತಲೆಕೆಳಗಾದ ಬೀಗದ ರಂಧ್ರದಂತೆ ಅವುಗಳ ಆಕಾರ: ಕೆಳಗಿನ ದುಂಡು ತೂತು ಫಿರಂಗಿಯ ಬಾಯಿಗೆ, ಮೇಲಿನ ಸೀಳು ಗುರಿ ನೋಡುವುದಕ್ಕೆ. ಬ್ರಿಟನ್ನಿನಲ್ಲಿ ಫಿರಂಗಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಮೊದಮೊದಲ ಕೋಟೆಗಳಲ್ಲಿ ಇದೊಂದು.

ಮೇರಿ 1463ರಲ್ಲಿ ತೀರಿಕೊಂಡಳು. 1470ರಲ್ಲಿ ಮಗ ಮೂರನೆಯ ಜೇಮ್ಸ್ ಈ ಕೋಟೆಯನ್ನು ವಿಲಿಯಂ ಸಿಂಕ್ಲೇರನಿಗೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಆರ್ಕ್ನಿ ದ್ವೀಪಗಳ ಮೇಲಣ ಅವನ ಒಡೆತನವನ್ನು ಪಡೆದನು. ತಾಯಿಗಾಗಿ ಕಟ್ಟಿದ ಮನೆ ಹೀಗೆ ರಾಜಕಾರಣದ ವಿನಿಮಯದ ವಸ್ತುವಾಯಿತು. ಮುಂದೆ 1651ರ ಸುಮಾರಿಗೆ ಕ್ರಾಮ್‌ವೆಲನ ಸೈನ್ಯದಿಂದ ಹಾನಿಗೊಂಡ ಕೋಟೆ ಕ್ರಮೇಣ ಪಾಳುಬಿದ್ದಿತು. 1805ರಲ್ಲಿ ಪ್ರಕಟವಾದ ಸರ್ ವಾಲ್ಟರ್ ಸ್ಕಾಟನ ಕಥನಕಾವ್ಯದೊಳಗಿನ ಒಂದು ಹಾಡಿನಲ್ಲಿ, ಈ ಕೋಟೆಯಿಂದ ಹೊರಟ ಸಿಂಕ್ಲೇರ್ ಮನೆತನದ ಕನ್ಯೆಯೊಬ್ಬಳು ಅಳಿವೆಯ ಬಿರುಗಾಳಿಗೆ ಸಿಕ್ಕಿ ಮುಳುಗುತ್ತಾಳೆ.

ಆ ಕನ್ಯೆಯನ್ನು ಕುರಿತು ಕವಿ ಹಾಡಿದನು. ಗಂಡನನ್ನು ಕಳೆದುಕೊಂಡ ವರ್ಷದಲ್ಲೇ ಕಲ್ಲುಕುಟಿಗರಿಗೆ ಕೂಲಿ ಕೊಡಿಸಿ ಕೆಲಸ ನಡೆಸಿದ ರಾಣಿಯ ಮಾತನ್ನು ಹೇಳಲು ಆ 14 ಅಡಿಯ ಗೋಡೆಗಳಿವೆ. ಅವುಗಳ ಮುಂದೆ ನಿಂತು ಸ್ಕಾಟನ ಹಾಡನ್ನು ನೆನೆಯುವವರು, ಆ ರಾಣಿಯನ್ನೂ ಒಮ್ಮೆ ನೆನೆಯಬೇಕೆಂದು ನನ್ನ ಬಿನ್ನಹ.